ಐದು ನಾಡು, ಐದು ಪಂದ್ಯಾವಳಿ: ಏಷ್ಯಾದ ಮೊದಲ ಗಾಲ್ಫ್ ಸರ್ಕಿಟ್ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

1962ರ ಆರಂಭದ ತಿಂಗಳುಗಳಲ್ಲಿ ಏಷ್ಯಾದ ಐದು ಕಡೆ ಒಂದರ ಹಿಂದೊಂದರಂತೆ ಗಾಲ್ಫ್ ಪಂದ್ಯಾವಳಿಗಳು ನಡೆದವು. ಫಿಲಿಪ್ಪೀನ್ಸ್, ಸಿಂಗಪುರ, ಮಲಯ, ಹಾಂಗ್‌ಕಾಂಗ್, ಜಪಾನ್. ಹೆಚ್ಚುಕಡಿಮೆ ಅದೇ ಆಟಗಾರರು ಒಂದು ಊರಲ್ಲಿ ಆಡಿ, ಬ್ಯಾಗು ಕಟ್ಟಿಕೊಂಡು ಮುಂದಿನ ಊರಿಗೆ ಹಾರಿದರು. ಇದಕ್ಕೆ ಫಾರ್ ಈಸ್ಟ್ ಸರ್ಕಿಟ್ ಎಂದು ಹೆಸರಾಯಿತು. ಮುಂದೆ ಏಷ್ಯಾ ಗಾಲ್ಫ್ ಸರ್ಕಿಟ್ ಎಂಬ ಹೆಸರೇ ನಿಂತಿತು. ಮೂರು ದಶಕಕ್ಕೂ ಹೆಚ್ಚು ಕಾಲ ನಡೆದ ಈ ಸರ್ಕಿಟ್ ಇಂದು ಕ್ರೀಡಾಪ್ರಿಯರ ನೆನಪಿನಿಂದಲೂ ಜಾರಿಹೋಗಿದೆ. ನೆನಪು ಖಾಲಿಯಾದ ಜಾಗದಲ್ಲಿ ಹಲವು ತಪ್ಪು ಕಲ್ಪನೆಗಳು ಬೇರೂರಿವೆ. ಏಷ್ಯಾದ ಆಟಗಾರರು ತಮ್ಮ ಬೆವರಿನಿಂದ ಕಟ್ಟಿದ ಚರಿತ್ರೆ ಇದು. ಹಾಗಾಗಿ ಇವನ್ನು ತಿದ್ದಲೇಬೇಕು.

ತಪ್ಪು ಕಲ್ಪನೆ: ಏಷ್ಯಾದಲ್ಲಿ ವೃತ್ತಿಪರ ಗಾಲ್ಫ್ ಶುರುವಾದದ್ದು 1990ರ ದಶಕದಲ್ಲಿ.

ಈ ಕಲ್ಪನೆಗೆ ಒಂದು ಕಾರಣವಿದೆ. ಈಗಿನ ಏಷ್ಯನ್ ಟೂರ್‌ನ ಮೂಲ 1994ರಲ್ಲಿ ರೂಪುಗೊಂಡ ಏಷ್ಯನ್ ಪಿಜಿಎ. ಅದರ ಮೊದಲ ಋತು ಒಮೆಗಾ ಟೂರ್ ಎಂಬ ಹೆಸರಿನಲ್ಲಿ ನಡೆದದ್ದು 1995ರಲ್ಲಿ. ದಾಖಲೆ ಪುಸ್ತಕಗಳು ಅಲ್ಲಿಂದಲೇ ಲೆಕ್ಕ ಹಿಡಿಯುವುದರಿಂದ ಅದಕ್ಕೂ ಹಿಂದೆ ಏನೂ ಇರಲಿಲ್ಲ ಎಂಬ ಭಾವನೆ ಬಂದುಬಿಡುತ್ತದೆ.

ವಾಸ್ತವದಲ್ಲಿ ಬೇರು ಬಹಳ ಆಳಕ್ಕಿದೆ. ಫಿಲಿಪ್ಪೀನ್ ಓಪನ್ ಆರಂಭವಾದದ್ದು 1913ರಲ್ಲಿ. ಜಪಾನ್ ಓಪನ್ 1927ರಲ್ಲಿ. ಅದರ ಮೊದಲ ವಿಜೇತ ರೊಕುರೊ ಅಕಾಬೊಶಿ ಎಂಬ ಹವ್ಯಾಸಿ. 1957ರಲ್ಲಿ ಜಪಾನಿನ ಕಸುಮಿಗಾಸೆಕಿಯಲ್ಲಿ ನಡೆದ ಕೆನಡಾ ಕಪ್ ಏಷ್ಯಾದ ಗಾಲ್ಫಿನ ದಿಕ್ಕನ್ನೇ ಬದಲಿಸಿತು. ದೇಶಕ್ಕಿಬ್ಬರಂತೆ ಆಡುವ ಆ ವಿಶ್ವ ತಂಡ ಸ್ಪರ್ಧೆಯಲ್ಲಿ ತೊರಾಕಿಚಿ ನಕಮುರಾ ಮತ್ತು ಕೊಯಿಚಿ ಒನೊ ಜೋಡಿ ಘಟಾನುಘಟಿಗಳನ್ನೆಲ್ಲ ಹಿಂದಿಕ್ಕಿ ಗೆದ್ದಿತು. ವೈಯಕ್ತಿಕ ಪ್ರಶಸ್ತಿಯೂ ನಕಮುರಾ ಪಾಲಾಯಿತು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶಕ್ಕೆ ಅದು ಬರೀ ಗಾಲ್ಫ್ ಗೆಲುವಾಗಿ ಉಳಿಯಲಿಲ್ಲ. ಆ ಗೆಲುವಿನ ಬೆನ್ನಿಗೇ ಜಪಾನಿನಲ್ಲಿ ಗಾಲ್ಫ್ ಕಾಡ್ಗಿಚ್ಚಿನಂತೆ ಹಬ್ಬಿತು.

1959ರಲ್ಲಿ ಹಾಂಗ್‌ಕಾಂಗ್ ಓಪನ್ ಹುಟ್ಟಿತು. 1961ರಲ್ಲಿ ಸಿಂಗಪುರ ಓಪನ್, 1962ರಲ್ಲಿ ಮಲಯನ್ ಓಪನ್ ಬಂದವು. ಹಳೆಯದಾದ ಫಿಲಿಪ್ಪೀನ್ ಓಪನ್ ಜೊತೆಗೂಡಿತು, ಜಪಾನಿನಲ್ಲಿ ಯೋಮಿಯುರಿ ಪಂದ್ಯಾವಳಿ ಸೇರಿಕೊಂಡಿತು. ಸರ್ಕಿಟ್ ಆದದ್ದು ಹೀಗೆ. ಬಿಡಿಬಿಡಿಯಾಗಿ ನಡೆಯುತ್ತಿದ್ದವನ್ನು ಒಂದು ಸಾಲಿಗೆ ತಂದದ್ದೇ 1962ರ ಋತುವಿನ ಹೆಚ್ಚುಗಾರಿಕೆ.

ತಪ್ಪು ಕಲ್ಪನೆ: ಅಮೆರಿಕದ್ದೋ ಬ್ರಿಟನ್ನಿನದೋ ದೊಡ್ಡ ಸಂಸ್ಥೆಯೊಂದು ಹಣ ಸುರಿದು ಇದನ್ನು ಕಟ್ಟಿತು.

ಇಲ್ಲ. ಇದರ ಹಿಂದಿದ್ದವರು ಬೆರಳೆಣಿಕೆಯ ಉತ್ಸಾಹಿಗಳು. ಒಬ್ಬರು ಕಿಮ್ ಹಾಲ್, ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ್ದ ವೇಲ್ಸ್ ಮೂಲದ ಹವ್ಯಾಸಿ ಆಟಗಾರ. ಇನ್ನೊಬ್ಬರು ಎರಿಕ್ ಕ್ರೆಮಿನ್, 1949ರ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದ ಹಿರಿಯ ವೃತ್ತಿಪರ. ಮೂರನೆಯವರು ಪೀಟರ್ ಥಾಮ್ಸನ್. ಈ ಮೂರನೆಯ ಹೆಸರಿಗೆ ತೂಕ ಹೆಚ್ಚು. ಥಾಮ್ಸನ್ ಅಷ್ಟರಲ್ಲಾಗಲೇ 1954, 1955, 1956 ಮತ್ತು 1958ರಲ್ಲಿ ಬ್ರಿಟಿಷ್ ಓಪನ್ ಗೆದ್ದಿದ್ದರು. 1965ರಲ್ಲಿ ಐದನೆಯ ಬಾರಿ ಗೆದ್ದರು. ಅಂಥವರು ಆಡಲು ಬರುತ್ತಾರೆಂದರೆ ಸ್ಥಳೀಯ ಕ್ಲಬ್ಬುಗಳು ಬಾಗಿಲು ತೆರೆಯುತ್ತಿದ್ದವು, ಪ್ರಾಯೋಜಕರು ಕಿವಿಗೊಡುತ್ತಿದ್ದರು, ಪತ್ರಿಕೆಗಳು ಜಾಗ ಕೊಡುತ್ತಿದ್ದವು.

ಕಾಲವೂ ಕೂಡಿ ಬಂತು. ಆಸ್ಟ್ರೇಲಿಯಾದ ಬೇಸಿಗೆ ಪಂದ್ಯಗಳು ಮುಗಿದ ಮೇಲೆ ಬ್ರಿಟನ್ನಿನ ಪಂದ್ಯಗಳು ಶುರುವಾಗುವವರೆಗೆ ಆಸ್ಟ್ರೇಲಿಯಾದ ವೃತ್ತಿಪರರಿಗೆ ಕೆಲಸವಿರಲಿಲ್ಲ. ಆ ಬಿಡುವಿನ ತಿಂಗಳುಗಳಲ್ಲಿ ಮನಿಲಾ, ಹಾಂಗ್‌ಕಾಂಗ್‌ಗಳಲ್ಲಿ ಮಳೆಯ ಕಾಟ ಕಡಿಮೆ. 1950ರ ದಶಕದ ಕೊನೆಗೆ ಜೆಟ್ ವಿಮಾನಗಳೂ ಓಡಾಡತೊಡಗಿದ್ದವು. ಹಡಗಿನಲ್ಲಿ ವಾರಗಟ್ಟಲೆ ಕಳೆಯುತ್ತಿದ್ದ ದಾರಿಯನ್ನು ಈಗ ಊರೂರು ಇಳಿದು ಆಡುತ್ತಾ ಸಾಗಬಹುದಿತ್ತು. ಸರ್ಕಿಟ್‌ನ ನಕ್ಷೆಯಲ್ಲಿ ಈ ದಾರಿಯ ಗುರುತು ಸ್ಪಷ್ಟವಾಗಿ ಕಾಣುತ್ತದೆ.

ಥಾಮ್ಸನ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರು ಶ್ರೀಮಂತರ ಮನೆಯಿಂದ ಬಂದವರಲ್ಲ. ಮೆಲ್ಬರ್ನ್‌ನ ಬ್ರನ್ಸ್‌ವಿಕ್‌ನಲ್ಲಿ ಬೋರ್ಡು ಬರೆಯುವವರ ಮಗ. ಆಟ ಕಲಿತದ್ದು ಮನೆ ಹತ್ತಿರದ ರಾಯಲ್ ಪಾರ್ಕ್ ಎಂಬ ಸಾರ್ವಜನಿಕ ಮೈದಾನದಲ್ಲಿ. ಆಗಿನ ದೊಡ್ಡ ಹಣ ಅಮೆರಿಕದಲ್ಲಿತ್ತು. ಅಲ್ಲಿ ಆಡಿ ಗೆದ್ದೂ ಇದ್ದ ಆಟಗಾರ ಮತ್ತೆ ಮತ್ತೆ ಏಷ್ಯಾಕ್ಕೆ ಬಂದದ್ದನ್ನು ಬರೀ ವ್ಯವಹಾರ ಎಂದು ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲಿ ಆಟ ಬೆಳೆಯಬೇಕೆಂಬ ಕಾಳಜಿ ಅವರಿಗಿತ್ತು, ಅದಕ್ಕಾಗಿ ದಶಕಗಳ ಕಾಲ ದುಡಿದರು.

ತಪ್ಪು ಕಲ್ಪನೆ: ಇವತ್ತಿನ ಟೂರ್‌ಗಳ ಹಾಗೆಯೇ ಅದೂ ಒಂದೇ ಆಡಳಿತದ ಕೆಳಗೆ, ವರ್ಷವಿಡೀ ನಡೆಯುತ್ತಿತ್ತು.

ಅದು ಕೆಲವು ವಾರಗಳ ಸುತ್ತಾಟ, ಅಷ್ಟೆ. ಯೋಮಿಯುರಿ ಬಿಟ್ಟರೆ ಪ್ರತಿ ಪಂದ್ಯಾವಳಿಯೂ ಆಯಾ ನಾಡಿನ ಓಪನ್. ನಡೆಸುವವರೂ ಆಯಾ ನಾಡಿನ ಗಾಲ್ಫ್ ಸಂಘದವರು. ದಿನಾಂಕಗಳು ಒಂದಕ್ಕೊಂದು ಅಡ್ಡಬಾರದಂತೆ ಹೊಂದಿಸುವುದೇ ಸರ್ಕಿಟ್‌ನ ಮುಖ್ಯ ಕೆಲಸ. ವರ್ಷದ ಉಳಿದ ಭಾಗವನ್ನು ಆಟಗಾರ ತನ್ನ ದಾರಿ ತಾನೇ ನೋಡಿಕೊಂಡು ಕಳೆಯಬೇಕು. ಬಹಳಷ್ಟು ಏಷ್ಯನ್ ವೃತ್ತಿಪರರು ಕ್ಲಬ್ಬುಗಳಲ್ಲಿ ಪಾಠ ಹೇಳಿಕೊಟ್ಟು ಹೊಟ್ಟೆ ಹೊರೆದವರು.

ಆ ನಾಡುಗಳ ಗಡಿಗಳೂ ಆಗ ಗಟ್ಟಿಯಾಗಿರಲಿಲ್ಲ. 1962ರಲ್ಲಿ ಮಲಯನ್ ಓಪನ್ ಎನಿಸಿಕೊಂಡದ್ದು ಮುಂದೆ ಮಲೇಷಿಯನ್ ಓಪನ್ ಆಯಿತು, ಏಕೆಂದರೆ 1963ರ ಸೆಪ್ಟೆಂಬರಿನಲ್ಲಿ ಮಲೇಷಿಯಾ ಎಂಬ ದೇಶವೇ ಹೊಸದಾಗಿ ರೂಪುಗೊಂಡಿತು. ಅದರೊಳಗೆ ಸೇರಿದ ಸಿಂಗಪುರ 1965ರ ಆಗಸ್ಟಿನಲ್ಲಿ ಬೇರೆಯಾಗಿ ಸ್ವತಂತ್ರವಾಯಿತು. ಹಾಂಗ್‌ಕಾಂಗ್ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ರಾಜಕೀಯ ಇಷ್ಟೊಂದು ಅಲುಗಾಡುತ್ತಿದ್ದಾಗಲೂ ವರ್ಷ ತಪ್ಪದೆ ಒಂದು ಕ್ರೀಡಾ ಪಂಚಾಂಗವನ್ನು ನಡೆಸಿಕೊಂಡು ಬಂದದ್ದು ಸಣ್ಣ ಸಾಧನೆಯಲ್ಲ.

ತಪ್ಪು ಕಲ್ಪನೆ: ಗೆದ್ದವರೆಲ್ಲ ಬಿಳಿಯರು, ಏಷ್ಯಾದವರು ಸಂಖ್ಯೆ ತುಂಬಲು ಇದ್ದವರು.

ಎಲ್ಲಕ್ಕಿಂತ ನೋವು ಕೊಡುವ ತಪ್ಪು ಕಲ್ಪನೆ ಇದು. 1962ರ ಫಲಿತಾಂಶಗಳನ್ನು ಮಾತ್ರ ನೋಡಿದರೆ ಇದು ನಿಜವೆಂದೇ ತೋರುತ್ತದೆ. ಸಿಂಗಪುರದಲ್ಲಿ ದಕ್ಷಿಣ ಆಫ್ರಿಕಾದ ಬ್ರಯನ್ ವಿಲ್ಕ್ಸ್ ಗೆದ್ದರು. ಮಲಯದಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಫಿಲಿಪ್ಸ್, ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾದವರೇ ಆದ ಲೆನ್ ವುಡ್‌ವರ್ಡ್, ಜಪಾನಿನ ಯೋಮಿಯುರಿಯಲ್ಲಿ ಥಾಮ್ಸನ್. ಐದರಲ್ಲಿ ನಾಲ್ಕು ಹೊರಗಿನವರ ಪಾಲು. ಉಳಿದ ಒಂದು, ಫಿಲಿಪ್ಪೀನ್ ಓಪನ್, ಅಲ್ಲಿನವರೇ ಆದ ಸೆಲೆಸ್ಟಿನೊ ಟುಗೋಟ್ ಕೈಸೇರಿತು. 1955ರಿಂದ 1958ರವರೆಗೆ ಸತತ ನಾಲ್ಕು ವರ್ಷ ಆ ಪ್ರಶಸ್ತಿಯನ್ನು ಬಿಟ್ಟುಕೊಡದಿದ್ದ ಆಟಗಾರ ಅವರು.

ಒಂದೇ ಋತುವಿಗೆ ನಿಂತುಬಿಟ್ಟರೆ ಮೋಸಹೋಗುತ್ತೇವೆ. ಮೊದಲ ಹಾಂಗ್‌ಕಾಂಗ್ ಓಪನನ್ನು 1959ರಲ್ಲಿ ಗೆದ್ದವರು ತೈವಾನಿನ ಯುವಕ ಲು ಲಿಯಾಂಗ್ ಹುವಾನ್. ಅದೇ ಪ್ರಶಸ್ತಿಯನ್ನು 1963ರಲ್ಲಿ ತೈವಾನಿನ ಇನ್ನೊಬ್ಬರು, ಶಿಯೆ ಯುಂಗ್ ಯೋ ಗೆದ್ದರು. 1964ರಲ್ಲಿ ಮತ್ತೆ ಗೆದ್ದರು. ಹನ್ನೊಂದು ವರ್ಷ ಕಳೆದು 1975ರಲ್ಲಿ ಗೆದ್ದರು, 1978ರಲ್ಲೂ ಗೆದ್ದರು. ಮಲೇಷಿಯಾದ ಕಥೆ ಇನ್ನೂ ಖಚಿತ: 1964 ಮತ್ತು 1965ರಲ್ಲಿ ಜಪಾನಿನ ತೊಮೊ ಇಶಿ ಗೆದ್ದರು. 1967ರಿಂದ 1973ರವರೆಗೆ ಸತತ ಏಳು ವರ್ಷ ಅಲ್ಲಿನ ಪ್ರಶಸ್ತಿ ಜಪಾನ್ ಇಲ್ಲವೇ ಫಿಲಿಪ್ಪೀನ್ಸ್ ಆಟಗಾರರ ಕೈಬಿಟ್ಟು ಹೋಗಲೇ ಇಲ್ಲ. ಲೆಗಾಸ್ಪಿ, ಹೊಸೊಯಿಶಿ, ಕೊನೊ, ಆರ್ಡಾ, ಮತ್ತೆ ಕೊನೊ, ಮುರಕಾಮಿ, ಸುಗಿಮೊತೊ. ಹೊರಗಿನವರು ಬರುವುದನ್ನು ನಿಲ್ಲಿಸಿದ್ದರಿಂದ ಹೀಗಾಗಲಿಲ್ಲ. ಅವರು ಬರುತ್ತಲೇ ಇದ್ದರು, ಸೋಲುತ್ತಿದ್ದರು.

ಫಿಲಿಪ್ಪೀನ್ಸಿನ ಬೆನ್ ಆರ್ಡಾ ಅವರನ್ನು ಇಲ್ಲಿ ಬಿಡಲಾಗದು. ಗಿಡ್ಡ ಮೈಕಟ್ಟಿನ ಅವರನ್ನು ‘ಬ್ಯಾಂಟಮ್ ಬೆನ್’ ಎಂದು ಕರೆಯುತ್ತಿದ್ದರು. 1961 ಮತ್ತು 1963ರಲ್ಲಿ ಫಿಲಿಪ್ಪೀನ್ ಓಪನ್, 1967ರಲ್ಲಿ ಸಿಂಗಪುರ ಓಪನ್, 1969ರಲ್ಲಿ ಇಂಡಿಯನ್ ಓಪನ್, 1970ರಲ್ಲಿ ಮಲೇಷಿಯನ್ ಓಪನ್, 1973ರಲ್ಲಿ ಜಪಾನ್ ಓಪನ್. ಮೊದಲ ಗೆಲುವಾದ ಹದಿನೆಂಟು ವರ್ಷಕ್ಕೆ, 1979ರಲ್ಲಿ ತವರಿನ ಓಪನನ್ನು ಮತ್ತೊಮ್ಮೆ ಗೆದ್ದರು. ಇಷ್ಟು ನಾಡುಗಳ ರಾಷ್ಟ್ರೀಯ ಪ್ರಶಸ್ತಿ ಹೊತ್ತ ಆಟಗಾರನ ಹೆಸರು ನಮ್ಮ ಕ್ರೀಡಾ ಪುಟಗಳಲ್ಲಿ ಎಷ್ಟು ಸಲ ಬಂದಿದೆ?

ತಪ್ಪು ಕಲ್ಪನೆ: ಗಾಲ್ಫ್ ಉಳ್ಳವರ ಆಟ, ಆದ್ದರಿಂದ ಈ ಆಟಗಾರರೂ ಉಳ್ಳವರ ಮಕ್ಕಳೇ.

ಆಡುವ ಮೈದಾನ ಉಳ್ಳವರದ್ದು, ನಿಜ. ಗೆದ್ದ ಕೈಗಳಲ್ಲಿ ಹೆಚ್ಚಿನವು ಅವರವಲ್ಲ. ತೈಪೆ ಬಳಿ ತಮ್ಸುಯಿ ಎಂಬ ಊರಿದೆ. ತೈವಾನ್ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ, 1919ರಲ್ಲಿ, ಅಲ್ಲೊಂದು ಗಾಲ್ಫ್ ಮೈದಾನ ಹುಟ್ಟಿತು. ಅಧಿಕಾರಿಗಳಿಗಾಗಿ ಮಾಡಿದ ಆ ಮೈದಾನದ ಸುತ್ತಲಿನ ಹಳ್ಳಿ ಹುಡುಗರು ಆಟವನ್ನು ಕಣ್ಣಿನಿಂದ ಕಲಿತರು. ಲು ಲಿಯಾಂಗ್ ಹುವಾನ್, ಶಿಯೆ ಯುಂಗ್ ಯೋ, ಅಮೆರಿಕದ ಮಾಸ್ಟರ್ಸ್‌ನಲ್ಲಿ ಆಡಿದ ಚೆನ್ ಚಿಂಗ್ ಪೋ, ಎಲ್ಲರೂ ತಮ್ಸುಯಿಯವರು. ಒಂದು ಸಣ್ಣ ಊರು ಇಷ್ಟು ಮಂದಿ ಅಂತರರಾಷ್ಟ್ರೀಯ ವಿಜೇತರನ್ನು ಕೊಟ್ಟಿದೆ.

ಅವರ ಗುಣಮಟ್ಟ ಎಷ್ಟಿತ್ತೆಂಬುದು 1971ರ ಬ್ರಿಟಿಷ್ ಓಪನ್‌ನಲ್ಲಿ ಗೊತ್ತಾಯಿತು. ರಾಯಲ್ ಬರ್ಕ್‌ಡೇಲ್‌ನಲ್ಲಿ ಲೀ ಟ್ರೆವಿನೊ ಗೆದ್ದರು. ಲು ಒಂದೇ ಒಂದು ಹೊಡೆತದಿಂದ ಎರಡನೆಯವರಾದರು. ಚಪ್ಪಾಳೆ ತಟ್ಟಿದಾಗಲೆಲ್ಲ ಟೊಪ್ಪಿ ಎತ್ತಿ ವಂದಿಸುತ್ತಿದ್ದ ಈ ‘ಮಿಸ್ಟರ್ ಲು’ವನ್ನು ಬ್ರಿಟನ್ನಿನ ಪ್ರೇಕ್ಷಕರು ಹಚ್ಚಿಕೊಂಡುಬಿಟ್ಟರು. ಮರುವಾರವೇ ಅವರು ಫ್ರೆಂಚ್ ಓಪನ್ ಗೆದ್ದರು. ಮರುವರ್ಷ ಮೆಲ್ಬರ್ನ್‌ನಲ್ಲಿ ಲು ಮತ್ತು ಶಿಯೆ ಮಿನ್ ನಾನ್ ಜೋಡಿ ವಿಶ್ವಕಪ್ಪನ್ನೇ ತೈವಾನಿಗೆ ತಂದಿತು. ಜಗತ್ತಿನ ಒಳ್ಳೆಯ ಆಟಗಾರರ ಎದುರು ಆಡಿ ಆಡಿ ಪಳಗಲು ಅವರಿಗೆ ಸಿಕ್ಕಿದ್ದ ಗರಡಿಮನೆ ಈ ಸರ್ಕಿಟ್.

ತಪ್ಪು ಕಲ್ಪನೆ: ಭಾರತಕ್ಕೆ ಇದರಲ್ಲಿ ಪಾಲೇ ಇರಲಿಲ್ಲ, ನಮ್ಮ ಗಾಲ್ಫ್ ಜೀವ್ ಮಿಲ್ಖಾ ಸಿಂಗ್ ಅವರಿಂದ ಶುರು.

ಜೀವ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟದ ವಯಸ್ಸು ನೋಡಿದರೆ ಭಾರತ ಏಷ್ಯಾದಲ್ಲೇ ಹಿರಿಯಣ್ಣ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದ್ದು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯ ಕ್ಲಬ್ ಇಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಇಂಡಿಯನ್ ಗಾಲ್ಫ್ ಯೂನಿಯನ್ ಸ್ಥಾಪನೆಯಾದದ್ದು 1955ರಲ್ಲಿ. ನಮ್ಮಲ್ಲಿ ಇಲ್ಲದಿದ್ದದ್ದು ಹೊರಗಿನ ವೃತ್ತಿಪರರನ್ನು ಕರೆತರುವ ಒಂದು ಓಪನ್ ಮಾತ್ರ. ಆಸ್ಟ್ರೇಲಿಯಾ, ಯುರೋಪುಗಳ ನಡುವೆ ಓಡಾಡುತ್ತಾ ಇಲ್ಲಿ ಇಳಿಯುತ್ತಿದ್ದ ಥಾಮ್ಸನ್ ಒತ್ತಾಸೆಯಾಗಿ ನಿಂತರು. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಿ, ಮುಂದೆ ಈ ಸರ್ಕಿಟ್‌ಗೂ ಸೇರಿತು. ಮೊದಲ ಪ್ರಶಸ್ತಿಯನ್ನು ಅವರೇ ಗೆದ್ದರು. 1966 ಮತ್ತು 1976ರಲ್ಲಿ ಮತ್ತೆ ಗೆದ್ದರು.

ನಡುವಿನ 1965ನ್ನು ನಾವು ಮರೆಯಬಾರದು. ರಾಯಲ್ ಕಲ್ಕತ್ತಾದ ಆ ಮೈದಾನದಲ್ಲಿ ನೀರೇ ಎದುರಾಳಿ. ದಾರಿಯುದ್ದಕ್ಕೂ ಕೊಳಗಳು, ಸ್ವಲ್ಪ ತಪ್ಪಿದರೂ ಚೆಂಡು ನೀರುಪಾಲು. ಅಲ್ಲಿ ಪ್ರೇಮ್ ಗೋಪಾಲ್ ಸೇಥಿ, ಎಲ್ಲರ ಬಾಯಲ್ಲಿ ಬಿಲ್ಲೂ ಸೇಥಿ, ಇಂಗ್ಲೆಂಡಿನ ವೃತ್ತಿಪರ ಗೈ ವೂಲ್ಸ್ಟನ್‌ಹೋಮ್ ಅವರನ್ನು ಏಳು ಹೊಡೆತಗಳ ಅಂತರದಿಂದ ಹಿಂದಿಕ್ಕಿ ಇಂಡಿಯನ್ ಓಪನ್ ಗೆದ್ದರು. ಸೇಥಿ ಹವ್ಯಾಸಿ. ನಿಯಮದ ಪ್ರಕಾರ ಬಹುಮಾನದ ಹಣವನ್ನು ಅವರು ಮುಟ್ಟುವ ಹಾಗಿರಲಿಲ್ಲ. ಈ ಓಪನ್ ಗೆದ್ದ ಮೊದಲ ಭಾರತೀಯ ಅವರು. ಗೆದ್ದ ಏಕೈಕ ಹವ್ಯಾಸಿಯೂ ಅವರೇ. 1961ರಲ್ಲಿ ಅರ್ಜುನ ಪ್ರಶಸ್ತಿ ಮೊದಲ ಬಾರಿಗೆ ಕೊಟ್ಟಾಗ ಗಾಲ್ಫಿನಿಂದ ಆಯ್ಕೆಯಾದವರೂ ಇವರು.

ಹವ್ಯಾಸಿ ಗೆದ್ದನೆಂದರೆ ಪಂದ್ಯವೇ ಸುಲಭವಿತ್ತು ಎಂದು ಕೆಲವರು ತಳ್ಳಿಹಾಕುತ್ತಾರೆ. ಅದಕ್ಕೆ ಉತ್ತರ ವಿಜೇತರ ಪಟ್ಟಿಯಲ್ಲೇ ಇದೆ. ಸೇಥಿಗೆ ಮುಂಚಿನ ವರ್ಷವೂ ನಂತರದ ವರ್ಷವೂ ಗೆದ್ದವರು ಥಾಮ್ಸನ್. ಆಮೇಲೆ 1967 ಮತ್ತು 1968ರಲ್ಲಿ ಕೆಂಜಿ ಹೊಸೊಯಿಶಿ, 1969ರಲ್ಲಿ ಆರ್ಡಾ. ಏಳು ಹೊಡೆತಗಳ ಅಂತರ ಯಾವ ಮೈದಾನದಲ್ಲೂ ಅದೃಷ್ಟದಿಂದ ಬರುವುದಿಲ್ಲ. ನಾಲ್ಕು ದಿನ, ಎಪ್ಪತ್ತೆರಡು ಹೋಲ್ ಒಂದೇ ಸಮ ಆಡಿದರೆ ಮಾತ್ರ ಬರುತ್ತದೆ.

ಕೊರತೆ ಇದ್ದದ್ದು ಬೇರೆ ಕಡೆ. ಭಾರತದ ಮುಂದಿನ ಗೆಲುವಿಗೆ ಇಪ್ಪತ್ತಾರು ವರ್ಷ ಕಾಯಬೇಕಾಯಿತು. 1991ರಲ್ಲಿ ದೆಹಲಿಯಲ್ಲಿ ಅಲಿ ಶೇರ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ದೆಹಲಿ ಗಾಲ್ಫ್ ಕ್ಲಬ್ಬಿನಲ್ಲೇ ಬ್ಯಾಗು ಹೊತ್ತು ಬೆಳೆದವರು ಅವರು. ಪ್ರತಿಭೆ ಬ್ಯಾಗು ಹೊರುವ ಕ್ಯಾಡಿಗಳ ಸಾಲಿನಲ್ಲಿ ನಿಂತಿತ್ತು. ತೈವಾನ್ ತನ್ನ ಹಳ್ಳಿ ಹುಡುಗರನ್ನು 1959ರಲ್ಲೇ ಹೊರಗೆ ಕಳಿಸಿ ಆಡಿಸಿತು, ನಾವು ನಮ್ಮವರನ್ನು ಮೈದಾನದ ಅಂಚಿನಲ್ಲೇ ನಿಲ್ಲಿಸಿದೆವು. ಈ ಇಪ್ಪತ್ತಾರು ವರ್ಷದ ಅಂತರಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ತೋರುವುದಿಲ್ಲ.

ತಪ್ಪು ಕಲ್ಪನೆ: ಆ ಹಳೆಯ ಸರ್ಕಿಟ್‌ಗೂ ಕರ್ನಾಟಕಕ್ಕೂ ಯಾವ ಸಂಬಂಧವೂ ಇಲ್ಲ.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯ ಬಳಿ, ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನವನ್ನು ವಿನ್ಯಾಸ ಮಾಡಿದವರು ಪೀಟರ್ ಥಾಮ್ಸನ್ ಅವರ ಸಂಸ್ಥೆಯವರು. 1962ರಲ್ಲಿ ಯೋಮಿಯುರಿ ಗೆದ್ದ ಅದೇ ಥಾಮ್ಸನ್. ಆ ಮೈದಾನದಲ್ಲಿ ಕ್ಯಾಡಿಯಾಗಿ ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಗುರುಗ್ರಾಮದಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇ ಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಗೆದ್ದರು. 2012ರಲ್ಲಿ ಇಂಡಿಯನ್ ಓಪನ್ ಇದೇ ಮೈದಾನದಲ್ಲಿ ನಡೆಯಿತು. ಸಂಬಂಧ ಇಷ್ಟು ಹತ್ತಿರದ್ದು.

ತಪ್ಪು ಕಲ್ಪನೆ: ಸರ್ಕಿಟ್ ನಿಂತುಹೋಯಿತು, ಅಂದರೆ ಸೋತಿತು.

1995ರಲ್ಲಿ ಒಮೆಗಾ ಟೂರ್ ಬಂದ ಮೇಲೆ ಹಳೆಯ ಸರ್ಕಿಟ್ ಕೆಲವು ವರ್ಷ ಕುಂಟುತ್ತಾ ಸಾಗಿ, ಆ ದಶಕದ ಕೊನೆಗೆ ನಿಂತಿತು. ಸಂಘಗಳ ಪದಾಧಿಕಾರಿಗಳು ನಡೆಸುವ ಕೆಲವೇ ವಾರಗಳ ಋತು ಏಷ್ಯಾದ ವೃತ್ತಿಪರರಿಗೆ ಸಾಲದಾಗಿತ್ತು. ವರ್ಷವಿಡೀ ಆಡುವಂಥ, ತಮ್ಮ ಮಾತು ನಡೆಯುವಂಥ ಸ್ವಂತ ಟೂರ್ ಅವರಿಗೆ ಬೇಕಿತ್ತು. ಹಾಗೆ ಕೇಳುವಷ್ಟು ಸಂಖ್ಯೆ, ಧೈರ್ಯ, ಹೆಸರು ಬಂದದ್ದು ಹಳೆಯ ಸರ್ಕಿಟ್‌ನಿಂದಲೇ. ಹೊಸ ಟೂರ್‌ನ ಮೊದಲ ವರ್ಷದ ಗಳಿಕೆ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದವರು ತೈವಾನಿನ ಲಿನ್ ಕೆಂಗ್ ಚಿ. ಹೊರಗಿನವರೂ ಈ ಶಾಲೆಯಲ್ಲೇ ಪಳಗಿದರು. 1981ರಲ್ಲಿ ಇಂಡಿಯನ್ ಓಪನ್ ಗೆದ್ದ ಅಮೆರಿಕದ ಪೇನ್ ಸ್ಟೀವರ್ಟ್ ಮುಂದೆ ಎರಡು ಬಾರಿ ಯುಎಸ್ ಓಪನ್ ಗೆದ್ದರು. 1992ರ ಸರ್ಕಿಟ್ ಚಾಂಪಿಯನ್ ಟಾಡ್ ಹ್ಯಾಮಿಲ್ಟನ್ 2004ರ ಬ್ರಿಟಿಷ್ ಓಪನ್ ಗೆದ್ದರು.

1960ರ ದಶಕದ ಇಂಡಿಯನ್ ಓಪನ್‌ಗಳಲ್ಲಿ ಆಡಿದ, ಬ್ಯಾಗು ಹೊತ್ತ, ಅಂಕ ಬರೆದ ಜನ ಈಗ ಇಳಿವಯಸ್ಸಿನಲ್ಲಿದ್ದಾರೆ. ಥಾಮ್ಸನ್ 2018ರಲ್ಲಿ ತೀರಿಕೊಂಡರು. ನಮ್ಮ ಹಳೆಯ ಕ್ಲಬ್ಬುಗಳಲ್ಲಿ ಆ ಕಾಲದ ಅಂಕಪಟ್ಟಿ, ಫೋಟೊ, ಪತ್ರಗಳು ಉಳಿದಿದ್ದರೆ ಅವನ್ನು ಜೋಪಾನ ಮಾಡಬೇಕು. ಉಳಿದಿರುವ ಹಿರಿಯರ ಮಾತನ್ನು, ಅದರಲ್ಲೂ ಕ್ಯಾಡಿಗಳಾಗಿದ್ದವರ ಮಾತನ್ನು, ಈಗಲೇ ದಾಖಲಿಸಬೇಕು. ಓದುಗರಲ್ಲಿ ಅಂಥವರ ಮಕ್ಕಳು ಮೊಮ್ಮಕ್ಕಳು ಇದ್ದರೆ, ದಯವಿಟ್ಟು ಅವರ ಮುಂದೆ ಕೂತು ಕೇಳಿ, ಬರೆದಿಡಿ.